ಡಬ್ಬಿಯಲ್ಲಿ ಉಳಿದ ಚೀಟಿ

"ಬೊಗಳೋ! ಇದು ನಿನ್ನ ಕೈಬರಹ ಹೌದೋ ಅಲ್ವೋ?"

ಅಣ್ಣ ಎಸೆದ ಜೆರಾಕ್ಸ್ ಹಾಳೆ ಊಟದ ತಟ್ಟೆಯ ಪಕ್ಕ ಬಿತ್ತು. ಅದರಲ್ಲಿ ಎರಡು ಚೀಟಿಗಳ ನಕಲು. ಎರಡರಲ್ಲೂ ಒಂದೇ ಹೆಸರು, ಅಣ್ಣನದು.

ನಗರಸಭೆಯ ನಿವೃತ್ತ ಗುಮಾಸ್ತನಾದ ತಮ್ಮ ಕನ್ನಡಕ ಹಾಕಿಕೊಳ್ಳಲಿಲ್ಲ. ನೋಡದೆಯೂ ಗೊತ್ತಿತ್ತು. "ನಂದೇ," ಎಂದ.

ನಗರಸಭೆ ತನ್ನ ಚುನಾವಣೆಗಳ ಚರಿತ್ರೆಯನ್ನು ಪುಸ್ತಕ ಮಾಡಲು ಹೊರಟಿತ್ತು. ಫಲಿತಾಂಶ ತಾಳೆ ನೋಡಲು ಹಳೆಯ ಅಭ್ಯರ್ಥಿಗಳನ್ನು ಕರೆಸಿತ್ತು. ಇಪ್ಪತ್ತೆಂಟು ವರ್ಷ ಅರಗಿನ ಮುದ್ರೆ ಹೊತ್ತಿದ್ದ ಆ ಚೀಟಿಗಳ ಲಕೋಟೆಯನ್ನು ಅಂದು ಬೆಳಿಗ್ಗೆ ಅಣ್ಣನ ಕಣ್ಣೆದುರೇ ಬಿಚ್ಚಿದ್ದರು.

ಒಂಬತ್ತನೇ ವಾರ್ಡು. ಅಣ್ಣನಿಗೆ ನಾನೂರ ಹನ್ನೆರಡು ಮತ, ಎದುರಾಳಿ ಕಂಟ್ರಾಕ್ಟರನಿಗೂ ಅಷ್ಟೇ. ಚೀಟಿ ಎತ್ತುವುದೆಂದಾಯಿತು. "ತಮ್ಮನೇ ಬರೀಲಿ, ನನ್ನ ತಕರಾರಿಲ್ಲ," ಎಂದು ಕಂಟ್ರಾಕ್ಟರ್ ನಕ್ಕಿದ್ದ. ತಮ್ಮ ಒಳಗೆ ಹೋಗಿ ಬರೆದ, ಮಡಿಸಿದ, ಡಬ್ಬಿಗೆ ಹಾಕಿದ. ಬಂದ ಹೆಸರು ಹೊರಗೆ, ಉಳಿದವನು ಗೆದ್ದಂತೆ. ಅಂದಿನ ನಿಯಮ ಅದು. ಬಂದದ್ದು ಅಣ್ಣನ ಹೆಸರು. ಉಳಿದ ಚೀಟಿಯನ್ನು ಯಾರೂ ಬಿಚ್ಚಿ ನೋಡಲಿಲ್ಲ.

"ಮಾರನೇ ವರ್ಷ ಬಡ್ತಿ ಸಿಕ್ತಲ್ಲ, ಅಷ್ಟಕ್ಕೇ ನನ್ನ ಮಾರ್ಕೊಂಡ್ಯಾ?"

"ಬಡ್ತಿಗೂ ಇದಕ್ಕೂ ಸಂಬಂಧ ಇಲ್ಲ ಅಣ್ಣ."

"ಮತ್ತೆ ಕೈತಪ್ಪಿ ಬರೆದ್ಯಾ?"

"ಇಲ್ಲ. ನಿನ್ನ ಹೆಸರೇ ಬರ್ಲಿ ಅಂತ್ಲೇ ಬರೆದೆ."

ಅಣ್ಣನ ದವಡೆ ಬಿಗಿಯಿತು. ಗೆದ್ದರೆ ಮೊದಲು ಶಾಲೆಯ ಹಿಂದಿನ ದೊಡ್ಡ ಮೋರಿಗೆ ಚಪ್ಪಡಿ ಹಾಕಿಸುತ್ತೇನೆಂದು ಅವನು ಮನೆಮನೆಗೆ ಹೇಳಿ ಬಂದಿದ್ದ. ಗೆದ್ದ ಕಂಟ್ರಾಕ್ಟರ್ ಆ ಕಡೆ ತಲೆ ಹಾಕಲಿಲ್ಲ. ಎರಡನೇ ವರ್ಷದ ಮಳೆಯಲ್ಲಿ ಅದೇ ಮೋರಿ ಅಣ್ಣನ ಆರು ವರ್ಷದ ಮಗಳನ್ನು ನುಂಗಿತು. ಎರಡು ಫರ್ಲಾಂಗು ಕೆಳಗೆ ಅವಳನ್ನು ಮೇಲೆತ್ತಿದವನು ಈ ಚಿಕ್ಕಪ್ಪನೇ.

"ಒಂದು ಚೀಟೀಲಿ ಅವನ ಹೆಸರಿದ್ದಿದ್ರೆ ನನಗೆ ಅರ್ಧ ಅವಕಾಶನಾದ್ರೂ ಇರ್ತಿತ್ತು. ಅದನ್ನೂ ಕಿತ್ಕೊಂಡೆ." ಅಣ್ಣ ಒಂದು ಹೆಜ್ಜೆ ಮುಂದೆ ಬಂದ. "ಮಗೂನ ಎತ್ಕೊಂಡು ಬಂದ್ಯಲ್ಲೋ, ಕೈ ನಡುಗಲಿಲ್ವಾ ನಿಂಗೆ?"

"ಇನ್ನೂ ನಡುಗ್ತಾ ಇದೆ."

"ಥೂ! ನಾಟಕ."

ಅಡುಗೆಮನೆಯಿಂದ ತಮ್ಮನ ಹೆಂಡತಿ ಓಡಿಬಂದಳು. "ಭಾವ, ಒಂದ್ನಿಮಿಷ ಕೂತ್ಕೊಳ್ಳಿ. ರೀ, ಅದೇನಿದೆ ಹೇಳ್ಬಿಡಿ!"

ತಮ್ಮ ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟ. ಹೇಳಿಬಿಟ್ಟರೆ ಶಪಿಸುವುದಕ್ಕೂ ಅಣ್ಣನಿಗೆ ಯಾರೂ ಉಳಿಯುತ್ತಿರಲಿಲ್ಲ.

"ನಾನು ಸತ್ರೆ ಹೆಗಲು ಕೊಡೋಕೆ ಬರಬೇಡ," ಎಂದು ಅಣ್ಣ ಮೆಟ್ಟಿಲಿಳಿದ. ಚಪ್ಪಲಿ ಹಾಕಿಕೊಳ್ಳುವುದಕ್ಕೂ ನಿಲ್ಲಲಿಲ್ಲ. ಮತ್ತೆ ಬರಲಿಲ್ಲ. ಚಪ್ಪಲಿ ಬಾಗಿಲಲ್ಲೇ ಉಳಿಯಿತು.

ವರ್ಷದ ಕೊನೆಗೆ ಪುಸ್ತಕ ಬಂತು. ಸಮಮತ ಬಂದ ಚುನಾವಣೆಗಳಿಗೊಂದು ಪುಟವಿತ್ತು. ಒಟ್ಟು ಮೂರು ಸಲ ಚೀಟಿ ಎತ್ತಿದ್ದರು. ಮೊದಲ ಎರಡು ಸಲವೂ ಡಬ್ಬಿಯಿಂದ ಬಂದ ಹೆಸರೇ ಗೆದ್ದಿತ್ತು. ಮೂರನೆಯ ಸಲ, ಒಂಬತ್ತನೇ ವಾರ್ಡಿನಲ್ಲಿ, ಅಧಿಕಾರಿ ಹೊಸಬ. ಅಭ್ಯರ್ಥಿಗಳು ಒಳಬಂದು ಕೂತ ಮೇಲೆ ಅವನು ಹೊಸ ನಿಯಮ ಓದಿದಾಗ ಚೀಟಿಗಳು ಆಗಲೇ ಡಬ್ಬಿಯಲ್ಲಿದ್ದವು.

ಆ ಗಳಿಗೆಯವರೆಗೂ ತಮ್ಮ, ಅಣ್ಣನನ್ನು ಗೆಲ್ಲಿಸಿಬಿಟ್ಟೆ ಎಂದುಕೊಂಡೇ ನಿಂತಿದ್ದ.