ಎರಡು ಸೀಟಿ

ಡಿಪೋದಲ್ಲಿ ಬಸ್ಸಿನ ಗಾಲಿಯ ಗಾಳಿ ನೋಡುವ ಹೊತ್ತಿಗೇ ಸಿಬ್ಬಂದಿಯ ಕರುಳು ಕಾಯುವ ಜೀವಕೋಶಗಳನ್ನೂ ನೋಡುತ್ತಿದ್ದರು. ಕಂಡಕ್ಟರ್ ನೀಲಗಂಗಾಳ ಜೀವಕೋಶಗಳು ಯಾವುದೋ ಹಳೆಯ ಸೋಂಕಿನ ಹಗೆ ಮರೆಯದೆ ಹನ್ನೊಂದು ವರ್ಷ ಅವಳ ಕರುಳನ್ನೇ ಸುಟ್ಟಿದ್ದವು. ಜೀನ್‌ಗಳ ಮೇಲೆ ಕೂತಿದ್ದ ಆ ನೆನಪಿನ ಗುರುತುಗಳನ್ನು ಚಿಕಿತ್ಸೆಯಲ್ಲಿ ಅಳಿಸಿಕೊಂಡು ಅವಳು ಇಂದೇ ಕೆಲಸಕ್ಕೆ ಮರಳಿದ್ದಳು.

"ಎಲ್ಲಾ ತಣ್ಣಗ ಅದಾವ್ರಿ ಅಕ್ಕಾ," ಅಂದಳು ಡಿಪೋದಲ್ಲಿ ಜೀವಕೋಶ ನೋಡುವವಳು.

ಅಷ್ಟಕ್ಕೇ ನಂಬುವ ಹೆಂಗಸಲ್ಲ ನೀಲಗಂಗಾ. ಗದಗಿನಲ್ಲಿ ಬೇಕೆಂದೇ ಎರಡು ಬಿಸಿ ಮಿರ್ಚಿ ಭಜಿ ತಿಂದು ಬಸ್ಸು ಹತ್ತಿದಳು.

ಅರ್ಧ ದಾರಿಯಲ್ಲಿ, ಶೌಚಾಲಯವಿದ್ದ ಖಾನಾವಳಿಯ ಮುಂದೆ ಬಸ್ಸು ನಿಂತಿತು.

"ಯಾಕ ನಿಲ್ಲಿಸಿದ್ರಿ ಕಾಕಾ?"

"ಕಾಲು ತಾನ ಬ್ರೇಕಿಗೆ ಹೋತವ್ವಾ. ಮೊದ್ಲ ದಿನಾ ನಿನ್ನ ಸಲುವಾಗಿ ಇಲ್ಲೇ ನಿಲ್ಲಿಸಿ ರೂಢಿ," ಅಂದ ಡ್ರೈವರ್ ಮಾಬುಸಾಬ.

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಒಳಗೆ ಯಾರೂ ಜಗಳಕ್ಕೆ ಎದ್ದಿರಲಿಲ್ಲ. ಹಿಂದೆ ಮಲಗಿದ್ದ ಪ್ರಯಾಣಿಕರೆಲ್ಲ ಬೆಚ್ಚುವಂತೆ, ಹೊರಡು ಎಂದು ಎರಡು ಸೀಟಿ ಊದಿದಳು.