ಗುಡ್ಡದ ಕೆರೆಯ ಹೆಬ್ಬಾತುಗಳು

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಮೂಗಿಗೆ ಬಡಿದರೆ, ಈಗಲೂ ನನಗೆ ಮೊದಲು ಬರುವುದು ಸಿಟ್ಟು.

ಅಪ್ಪ ರಬಕವಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಆ ಖಟಖಟದಲ್ಲಿ ಅವನನ್ನು ಊಟಕ್ಕೆ ಕರೆಯಬೇಕಾದರೂ ಅವ್ವ ಹೋಗಿ ಭುಜ ಮುಟ್ಟಬೇಕಿತ್ತು. ಮಗ್ಗಕ್ಕೆ ರಜೆ ಅಮಾವಾಸ್ಯೆಗಷ್ಟೇ. ಹೆಬ್ಬಾತು ತೋರಿಸು ಎಂದು ನಾನು ಎರಡು ವರ್ಷ ಕಾಡಿ ಬೇಡಿದ ಮೇಲೆ, ಒಂದು ಚಳಿಗಾಲದ ಅಮಾವಾಸ್ಯೆಗೆ ನನ್ನನ್ನು ಬೀಳಗಿಗೆ ಕರೆದೊಯ್ದ. ಅಲ್ಲಿದ್ದ ಅವ್ವನ ತಮ್ಮ, ನನ್ನ ಮಾಮಾ, ಗುಡ್ಡದ ಮೇಲಿನ ಕೆರೆಗೆ ಹೆಬ್ಬಾತು ಬಂದಿವೆ ಎಂದು ಹೇಳಿಕಳಿಸಿದ್ದ.

ಮಧ್ಯಾಹ್ನದ ಬಿಸಿಲಲ್ಲಿ ಹತ್ತಿದೆವು. ಜಾಲಿಮುಳ್ಳಿಗೆ ಸಿಕ್ಕು ನನ್ನ ಲಂಗ ಹರಿಯಿತು. ನೆತ್ತಿ ಹತ್ತಿರವಾದಾಗ ಮಾಮಾ, "ಇನ್ನ ಯಾರೂ ಪಿಟ್ ಅನ್ನಬ್ಯಾಡ್ರಿ. ಅವು ಭಾಳ ಅಂಜ್ತಾವ" ಅಂದ. ಒಣಹುಲ್ಲಿನಲ್ಲಿ ತೆವಳಿ ಹೋಗಿ, ಬಂಡೆಯ ಹಿಂದೆ, ಗಂಜಿ ನಾರುವ ಅಪ್ಪನ ಅಂಗಿಗೆ ಒತ್ತಿಕೊಂಡು ಕೂತೆ. ಅಪ್ಪ ಮೊದಲು ಇಣುಕಿದ. ನಾನು ಕತ್ತು ಚಾಚುವಷ್ಟರಲ್ಲಿ ನನ್ನ ಕಡೆ ಬಾಗಿದ.

"ಅವ್ವೀ, ತಲಿ ಮ್ಯಾಲ ಕರೇ ಪಟ್ಟಿ ನೋಡ! ಸೀರಿ ದಡಿ ನೇಯ್ದಂಗ ಐತಿ!"

ಮಾತು ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಇಡೀ ಕೆರೆಯೇ ಎದ್ದು ಹಾರಿದಂತಾಯಿತು. ನನಗೆ ಕಂಡದ್ದು ದೂರ ಹೋಗುವ ರೆಕ್ಕೆಗಳಷ್ಟೇ. ಒಂದು ತಲೆಯೂ ಕಾಣಲಿಲ್ಲ, ಒಂದು ಪಟ್ಟಿಯೂ ಕಾಣಲಿಲ್ಲ. ಕಾಲು ಬಡಿದು ಅತ್ತೆ. ಅಪ್ಪನ ಕೈ ಕೊಡವಿ ದೂರ ಹೋಗಿ ನಿಂತೆ.

ಅಪ್ಪ ಖಾಲಿ ನೀರನ್ನೇ ನೋಡಿದ. ಆಮೇಲೆ ಅದೇ ದೊಡ್ಡ ದನಿಯಲ್ಲಿ ಮಾಮಾನನ್ನು ಕೇಳಿದ:

"ನಾ ಆಕಿ ಕಿವ್ಯಾಗಷ್ಟ ಹೇಳಿದ್ನಲ್ಲೋ, ಅವಕ್ಕ ಹೆಂಗ ಕೇಳಿಸ್ತು?"