ತವರಿನ ಇಟ್ಟಿಗೆ

ಎರಡನೆಯ ಇಟ್ಟಿಗೆ ಸಡಿಲವಾಗುವ ಹೊತ್ತಿಗೆ ಗಾರೆ ಮೇಸ್ತ್ರಿ ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಹಿತ್ತಲಿಗೆ ಓಡಿಬಂದ. ಅವನೇ ಕಟ್ಟಿದ ಗೋಡೆ. ಅವನದೇ ಉಳಿ, ಅವನದೇ ಸುತ್ತಿಗೆ. ಹೊಡೆಯುತ್ತಿದ್ದವಳು ಅವನ ಹೆಂಡತಿ.

“ಲೇ, ಏನೇ ಇದು! ತಲೆಗಿಲೆ ಕೆಟ್ಟಿದೆಯಾ?”

“ಗೋಡೆ ತೆಗೀತಿದೀನಿ. ಪೂರ್ತಿ ಅಲ್ಲ, ಒಂದು ಬಿಟ್ಟು ಒಂದು.” ಅವಳು ತಿರುಗಿಯೂ ನೋಡಲಿಲ್ಲ.

ಗೋಡೆಯಾಚೆ ಮರಳು, ಮರಳಿನಾಚೆ ಸಮುದ್ರ. ಹಿತ್ತಲಲ್ಲೊಂದು ತೋಟವಾಗಲಿ, ಉಪ್ಪುಗಾಳಿ ಒಳಗೆ ಬಾರದಿರಲಿ ಎಂದು ಹೋದ ವರ್ಷ ಅವನು ಆಳೆತ್ತರ ಕಟ್ಟಿದ್ದ. “ಇರುವೆ ಕೂಡ ನುಸುಳಬಾರದು, ಹಾಗೆ ಕಟ್ಟಿದೀನಿ” ಎಂದು ಬಂದವರಿಗೆಲ್ಲ ತೋರಿಸಿದ್ದ. ಇರುವೆ ನುಸುಳಲಿಲ್ಲ ನಿಜ. ಗಿಡಗಳೂ ಉಳಿಯಲಿಲ್ಲ. ಅವಳ ಅಮ್ಮನ ಮನೆ ಪರರ ಪಾಲಾಗಿ, ಅಂಗಳದ ದಾಳಿಂಬೆ ಮರವನ್ನು ಕಡಿಯುವ ಮುಂಚೆ ಅವಳು ಮೂರು ರೆಂಬೆ ಕತ್ತರಿಸಿ ತಂದು ಚಿಗುರಿಸಿಕೊಂಡಿದ್ದಳು. ಎರಡನ್ನು ಈ ಗೋಡೆಯ ಮರೆಯಲ್ಲೇ ನೆಟ್ಟು, ದಿನಾ ಬೆಳಿಗ್ಗೆ ಎಲೆಯ ಮೇಲಿನ ಉಪ್ಪನ್ನು ಸಿಹಿನೀರಲ್ಲಿ ತೊಳೆದರೂ ಅವು ಸುಟ್ಟು ಕರಕಲಾದವು. ಮೂರನೆಯದು ಅಡುಗೆಮನೆಯ ಕಿಟಕಿಯಲ್ಲಿ, ಕುಂಡದ ತಳದಿಂದ ಬೇರು ಹೊರಗೆ ಚಾಚಿಕೊಂಡು ಕೂತಿತ್ತು. ಇನ್ನು ಅದನ್ನು ನೆಲಕ್ಕೆ ಇಳಿಸಲೇಬೇಕು. ಅದೂ ಹೋದರೆ ಆ ಮರದ್ದು ಎನ್ನಲು ಒಂದು ಕಡ್ಡಿಯೂ ಇರುವುದಿಲ್ಲ.

“ಇದು ಯಾವ ಇಟ್ಟಿಗೆ ಅಂತ ಮರೆತುಹೋಯ್ತಾ?” ಮೇಸ್ತ್ರಿ ಬಾಯಲ್ಲಿದ್ದ ನೊರೆ ಉಗಿದ. “ನಿಮ್ಮಮ್ಮನ ಮನೇದು ಕಣೇ. ಕೆಡವೋರ ಕೈಕಾಲು ಹಿಡಿದು ಒಂದೊಂದನ್ನೇ ಆರಿಸಿ ತಂದೆ. ನಿನಗೋಸ್ಕರ!”

“ಮರೀತೀನಾ? ಅದಕ್ಕೇ ಒಡೀದ ಹಾಗೆ ಬಿಡಿಸ್ತಿದೀನಿ.”

“ಗೋಡೆ ಇದ್ದೂ ಎರಡು ಗಿಡ ಹೋದ್ವು. ತೂತು ಮಾಡಿದ್ರೆ ಗಿಡ ಉಳಿಯುತ್ತಾ? ಯಾವ ಸೀಮೆ ಬುದ್ಧಿ ಇದು?”

“ನೀವು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲು. ಬನ್ನಿ ಇಲ್ಲಿ.”

ಹಳೇ ಗೋಣಿತುಂಡನ್ನು ಕೋಲಿಗೆ ಸುತ್ತಿ, ಹೊತ್ತಿಸಿ, ಗೋಡೆಯಾಚೆಗೆ ಎತ್ತಿ ಹಿಡಿದಳು. ಹೊಗೆ ಗೋಡೆ ಹಾರಿ ಈಚೆ ಧುಮುಕಿ, ಗಿಡಗಳು ಸತ್ತ ಜಾಗದಲ್ಲೇ ಗಿರಗಿರನೆ ಸುತ್ತಿತು. ಆಮೇಲೆ ನಾಲ್ಕು ಹೆಜ್ಜೆ ನಡೆದು ಪಕ್ಕದ ಮನೆಯ ಟೈಲರನ ಬೇಲಿಯಾಚೆ ಹಿಡಿದಳು. ಬರೀ ಕಡ್ಡಿ ಚುಚ್ಚಿ ಮಾಡಿದ ಬೇಲಿ. ಮೇಸ್ತ್ರಿ ಅದನ್ನು ನೋಡಿ ನಗದ ದಿನವಿರಲಿಲ್ಲ. ಹೊಗೆ ಕಡ್ಡಿಗಳ ನಡುವೆ ಸೋಸಿಕೊಂಡು, ಅಲ್ಲಿ ನಳನಳಿಸುತ್ತಿದ್ದ ಬದನೆ ಗಿಡಗಳ ಮೇಲೆ ಮೆಲ್ಲಗೆ ಹಾದುಹೋಯಿತು. ಇಪ್ಪತ್ತು ವರ್ಷ ಗೋಡೆ ಕಟ್ಟಿದವನಿಗೇ ಗೋಡೆಯ ಪಾಠ! ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಹೊಗೆಯ ಜೊತೆ ಜಗಳವಾಡುವುದು ಹೇಗೆ?

“ಅಡ್ಡ ನಿಂತ್ರೆ ಗಾಳಿ ಹಾರಿ ಬಂದು ಒದೆಯುತ್ತೆ. ಸ್ವಲ್ಪ ದಾರಿ ಬಿಟ್ರೆ ತೆಪ್ಪಗೆ ಹೋಗುತ್ತೆ,” ಎಂದಳು ಅವಳು. “ನೀವೇನಾದ್ರೂ ಅನ್ನಿ, ಇದೊಂದನ್ನ ನಾನು ಸಾಯೋಕೆ ಬಿಡಲ್ಲ.”

ಮತ್ತೆ ಉಳಿ ಇಟ್ಟು ಹೊಡೆದಳು. ಇಟ್ಟಿಗೆಯ ಮೂಲೆಯಿಂದ ಚಕ್ಕೆ ಹಾರಿತು. ಮೇಸ್ತ್ರಿಗೆ ತನ್ನ ಹಲ್ಲೇ ಮುರಿದಂತಾಯಿತು.

“ಥೂ, ಹಾಗಲ್ಲ! ಕೊಡಿಲ್ಲಿ.” ಉಳಿ ಕಿತ್ತುಕೊಂಡ. “ಕೆಳಗಿನ ನಾಲ್ಕು ಸಾಲು ಮುಟ್ಟಬೇಡ, ಗೋಡೆ ಕೂತುಬಿಡುತ್ತೆ. ದಾರ ತಾ, ಗುರುತು ಹಾಕ್ತೀನಿ. ಕೆಡವೋದನ್ನಾದ್ರೂ ನೆಟ್ಟಗೆ ಕೆಡವಬೇಡವಾ?”

ಸಂಜೆಯ ಹೊತ್ತಿಗೆ ಗೋಡೆ ಜರಡಿಯಾಗಿತ್ತು; ಕಿಂಡಿಗೊಂದು ತುಂಡು ಸಮುದ್ರ ಕಾಣುತ್ತಿತ್ತು. ದಾಳಿಂಬೆ ಸಸಿ ನೆಲಕ್ಕಿಳಿದಿತ್ತು. ಅದರ ಎಲೆಗಳು ಅಲ್ಲಾಡುತ್ತಿದ್ದವು, ಬಡಿದುಕೊಳ್ಳುತ್ತಿರಲಿಲ್ಲ. ಬಿಡಿಸಿದ ಇಟ್ಟಿಗೆಗಳನ್ನು ಮೇಸ್ತ್ರಿ ಸಸಿಯ ಸುತ್ತ ದುಂಡಗೆ ಜೋಡಿಸಿ ಪುಟ್ಟ ಕಟ್ಟೆ ಮಾಡಿದ. ಅಮ್ಮನ ಮನೆ ಮತ್ತೆ ಅಮ್ಮನ ಮರದ ಪಕ್ಕ ಬಂದು ಕೂತಿತಲ್ಲ ಎಂದು ಅವಳಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರೆ, ಕಟ್ಟೆಯಲ್ಲೊಂದು ಸಂದು.

“ರೀ, ಇಲ್ಲೊಂದು ಇಟ್ಟಿಗೆ ಕಮ್ಮಿ ಬಂತಾ?”

ಮೇಸ್ತ್ರಿ ಕೈ ತೊಳೆಯುತ್ತಾ, ಅವಳ ಕಡೆ ನೋಡದೆ ಹೇಳಿದ: “ಕಮ್ಮಿ ಬಂದಿಲ್ಲ, ಬಿಟ್ಟಿದೀನಿ. ಇರುವೆ ಓಡಾಡ್ಲಿ.”